ನೆತ್ತಿಯ ಮೇಲಿನ ಸುಳಿ: ಎಂ 74 ಗ್ಯಾಲಕ್ಸಿಯ ಫೋಟೋ ತೆಗೆದ ನನ್ನ ಅನುಭವ

ಮೂರು ವರ್ಷ ನಾನು ತಪ್ಪು ಗ್ಯಾಲಕ್ಸಿಯ ಹಿಂದೆ ಬಿದ್ದಿದ್ದೆ. ಸಪ್ತರ್ಷಿ ಮಂಡಲದ ಎಂ 101 ಚೆನ್ನಾಗಿಯೇ ಇದೆ, ಆದರೆ ನಮ್ಮ ಆಕಾಶಕ್ಕೆ ಅದು ಅಷ್ಟು ಒಗ್ಗುವುದಿಲ್ಲ. ಯುರೋಪಿನವರಿಗೆ ಅದು ನೆತ್ತಿಯ ಹತ್ತಿರ ಬರುತ್ತದೆ. ನಮ್ಮಲ್ಲಿ 50 ಡಿಗ್ರಿ ಏರಿ ಇಳಿದುಬಿಡುತ್ತದೆ. ಅದೂ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಸಂಜೆಯಾದರೆ ಸಾಕು, ಮೋಡ ಕಟ್ಟುತ್ತದೆ.

ಒಂದು ದಿನ ಪಟ್ಟಿ ಹಿಡಿದು ಕೂತೆ. ನಮ್ಮ ತಲೆಯ ಮೇಲೆ ನೇರವಾಗಿ ಹಾದುಹೋಗುವ ಸುರುಳಿ ಗ್ಯಾಲಕ್ಸಿ ಯಾವುದು? ಮೀನ ರಾಶಿಯ ಎಂ 74 ಸಿಕ್ಕಿತು. ಚಳ್ಳಕೆರೆ ಕಡೆಯಿಂದ ನೋಡಿದರೆ ನಡುನೆತ್ತಿಗೆ ಎರಡು ಡಿಗ್ರಿಯೂ ದೂರವಿಲ್ಲ. ನವೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಅಲ್ಲಿಗೆ ಬರುತ್ತದೆ. ನೆತ್ತಿಯ ಮೇಲಿದ್ದರೆ ಅದರ ಬೆಳಕು ದಾಟಿ ಬರಬೇಕಾದ ಗಾಳಿ, ದೂಳು ಎಲ್ಲಕ್ಕಿಂತ ಕಮ್ಮಿ. ಮಸುಕು ವಸ್ತುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮಸುಕು ಅಂದರೆ ನಿಜವಾಗಿಯೂ ಮಸುಕು. 1780ರಲ್ಲಿ ಇದನ್ನು ಕಂಡುಹಿಡಿದವರು ಫ್ರಾನ್ಸಿನ ಖಗೋಳಜ್ಞ ಪಿಯೆರ್ ಮೆಶೈನ್. ಹೆಸರಿನ 'ಎಂ' ಬಂದಿರುವುದು ಮೆಸಿಯೆ ಎಂಬ ಖಗೋಳಜ್ಞರ ಆಕಾಶವಸ್ತುಗಳ ಪಟ್ಟಿಯಿಂದ. ಆ ಪಟ್ಟಿಯಲ್ಲಿ ಕಣ್ಣಿಗೆ ಹಿಡಿಯಲು ಅತಿ ಕಷ್ಟದ ವಸ್ತುಗಳಲ್ಲಿ ಇದೂ ಒಂದು. ಒಟ್ಟು ಬೆಳಕು ತೀರಾ ಕಮ್ಮಿಯೇನಲ್ಲ. ಆದರೆ ಒಂದು ಹಿಡಿ ಅಕ್ಕಿಯನ್ನು ಅಂಗಳದ ತುಂಬಾ ಚೆಲ್ಲಿದ ಹಾಗೆ ಅದು ಹರಡಿಕೊಂಡಿದೆ. ಊರಿನ ಬೀದಿದೀಪದ ಬೆಳಕಿನಲ್ಲಿ ಪೂರ್ತಿ ಕರಗಿಹೋಗುತ್ತದೆ. ಹಾಗಾಗಿ ಅಮಾವಾಸ್ಯೆ ನೋಡಿಕೊಂಡು, ಶೇಂಗಾ ಕಿತ್ತು ಬಯಲಾಗಿದ್ದ ಸೋದರಮಾವನ ಹೊಲಕ್ಕೆ ಹೋದೆ.

ನನ್ನ ಹತ್ತಿರ ಇರುವುದು ಆರು ಇಂಚಿನ ನ್ಯೂಟನ್ ಮಾದರಿ ಟೆಲಿಸ್ಕೋಪ್, ಫೋಕಲ್ ಲೆಂತ್ 750 ಮಿ.ಮೀ. ಜೊತೆಗೆ ಹಳೇ ಡಿಎಸ್ಎಲ್ಆರ್, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ, ಕಂಪ್ಯೂಟರಿನ ಮಾತು ಕೇಳುವ ಮೌಂಟ್, ಗೈಡಿಂಗ್‌ಗೆ, ಅಂದರೆ ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟಿನ ದಾರಿ ತಿದ್ದಲು, ಒಂದು ಪುಟ್ಟ ಕ್ಯಾಮೆರಾ. ಇಷ್ಟರಲ್ಲಿ ಎಂ 74 ಎಷ್ಟು ದೊಡ್ಡದಾಗಿ ಬರುತ್ತದೆ? ಐದು ಸಾವಿರ ಪಿಕ್ಸೆಲ್ ಅಗಲದ ಚಿತ್ರದಲ್ಲಿ ಐನೂರು ಪಿಕ್ಸೆಲ್. ಅಷ್ಟೇ. ಇದನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಪರದೆ ನೋಡಿ ಬೇಜಾರಾಗುತ್ತಿತ್ತು.

ನಮ್ಮ ಅಕ್ಷಾಂಶ ಗ್ಯಾಲಕ್ಸಿಯನ್ನು ನೆತ್ತಿಯ ಮೇಲಿಟ್ಟು ಧ್ರುವನಕ್ಷತ್ರವನ್ನು ಕೆಳಗಿಟ್ಟಿದೆ. ಭೂಮಿ ತಿರುಗಿದಂತೆ ಸರಿಯುವ ನಕ್ಷತ್ರಗಳನ್ನು ಹಿಂಬಾಲಿಸಬೇಕಾದರೆ ಮೌಂಟಿನ ಅಕ್ಷ ಆಕಾಶದ ಉತ್ತರ ಧ್ರುವಕ್ಕೇ ನೆಟ್ಟಿರಬೇಕು. ಚಳ್ಳಕೆರೆಯಲ್ಲಿ ಅದು ಬರೀ 14 ಡಿಗ್ರಿ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಅಲ್ಲಿ ಜಾಲಿ ಮರ, ಮಬ್ಬು, ಗಾಳಿಯಂತ್ರಗಳ ಕೆಂಪು ದೀಪ ಎಲ್ಲಾ ಇರುತ್ತವೆ. ನನ್ನ ಮೌಂಟ್ ಬೇರೆ 20 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಕಷ್ಟಪಟ್ಟು ಇಳಿಸಿದರೂ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ತಾಗುತ್ತದೆ. ನಾನು ಮಾಡಿದ್ದು ಇಷ್ಟು: ಉತ್ತರದ ಕಡೆಯ ಕಾಲನ್ನು ಗಿಡ್ಡ ಮಾಡಿ ಇಡೀ ಟ್ರೈಪಾಡನ್ನೇ ಆ ಕಡೆ ಬಾಗಿಸಿದೆ. ನಡುವೆ ಒಂದು ಗೇಣುದ್ದದ ಕಂಬದ ತುಂಡು ಸೇರಿಸಿ ಮೌಂಟನ್ನು ಎತ್ತರಿಸಿದೆ. ಟ್ರೈಪಾಡ್ ಮಟ್ಟವಾಗಿ ಇರಲೇಬೇಕು ಅಂತ ನಾನು ನಂಬಿದ್ದೆ. ಬೇಕಿಲ್ಲ. ಅಕ್ಷ ಸರಿಯಾಗಿದ್ದರೆ ಸಾಕು, ತೂಕ ಒಂದೇ ಕಡೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳಬೇಕು. ಧ್ರುವನಕ್ಷತ್ರ ಕಾಣದಿದ್ದರೂ ಚಿಂತೆಯಿಲ್ಲ. ನೀನಾ ಎಂಬ ಉಚಿತ ಸಾಫ್ಟ್‌ವೇರ್ ಆಕಾಶದ ಮೂರು ಕಡೆ ಫೋಟೋ ತೆಗೆದು, ಅಕ್ಷ ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಿ ಹೇಳುತ್ತದೆ.

ಆದರೂ ಮೊದಲ ರಾತ್ರಿ ಪೂರ್ತಿ ಹಾಳಾಯಿತು. ಎಲ್ಲ ನಕ್ಷತ್ರಗಳೂ ಜೀರಿಗೆಯ ಹಾಗೆ ಉದ್ದುದ್ದ. ಕಾರಣ ನೆಲ. ಉತ್ತ ಹೊಲದ ಸಡಿಲ ಮಣ್ಣಿನಲ್ಲಿ ಟ್ರೈಪಾಡ್ ಕಾಲು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಮರುದಿನ ಮಾವ ಪಂಪ್‌ಹೌಸಿನ ಹಿಂದಿದ್ದ ಮೂರು ಕಲ್ಲುಚಪ್ಪಡಿ ತಂದು ಕೊಟ್ಟರು. ಅವುಗಳನ್ನು ಮಣ್ಣಿಗೆ ಗುದ್ದಿ ಕೂರಿಸಿ, ಅದರ ಮೇಲೆ ಕಾಲು ಇಟ್ಟೆ. ಆಮೇಲೆ ಆ ತೊಂದರೆ ಬರಲೇ ಇಲ್ಲ.

ಇನ್ನೊಂದು ವಿಷಯ ಬೆಳಕು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಅಕ್ಕಪಕ್ಕದ ಹೊಲದವರು ಟಾರ್ಚ್ ಹಿಡಿದು ಬರುತ್ತಾರೆ. ಅವರ ಕೆಲಸ ನಿಲ್ಲಿಸಿ ಅನ್ನುವ ಹಾಗಿಲ್ಲ, ಅಲ್ವಾ? ಎರಡನೇ ಸಂಜೆ ಎಲ್ಲರಿಗೂ ಕೆಂಪು ಜಿಲೇಟಿನ್ ಕಾಗದ ಕೊಟ್ಟೆ. ಖುಷಿಯಿಂದ ಟಾರ್ಚಿಗೆ ಸುತ್ತಿಕೊಂಡರು. ಕೆಲಸ ಮುಗಿಸಿ ಬಂದು ಟೆಲಿಸ್ಕೋಪಿನ ಪಕ್ಕ ಕೂತು ಮಾತಾಡಿದರು. ಆ ರಾತ್ರಿಗಳ ನೆನಪು ಈಗಲೂ ನನಗೆ ತುಂಬಾ ಇಷ್ಟ.

ಅಶ್ವಿನಿಯ ನಕ್ಷತ್ರಗಳಿಂದ ನೈಋತ್ಯಕ್ಕೆ ಸರಿದರೆ ಮೀನ ರಾಶಿಯ ಈಟಾ ಪಿಸಿಯಂ ಎಂಬ ನಕ್ಷತ್ರ ಸಿಗುತ್ತದೆ. ಅದರಿಂದ ಒಂದೂವರೆ ಡಿಗ್ರಿಯೊಳಗೇ ಎಂ 74 ಇದೆ. ಒಂದೊಂದು ಫ್ರೇಮ್ ಮೂರು ನಿಮಿಷ, ಐಎಸ್ಒ 800. ಮೊದಲ ಫ್ರೇಮಿನಲ್ಲಿ ಕಂಡಿದ್ದು ನಡುವಿನ ಒಂದು ಮಸುಕು ಚುಕ್ಕೆ ಮಾತ್ರ. ಗ್ಯಾಲಕ್ಸಿಯ ಸುರುಳಿ ತೋಳುಗಳು ಬರುವುದು ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿದಾಗಲೇ. ಇಲ್ಲಿ ಲೆಕ್ಕ ಸ್ವಲ್ಪ ಕಠಿಣ. ಚಿತ್ರ ಎರಡು ಪಟ್ಟು ನಯವಾಗಬೇಕಾದರೆ ನಾಲ್ಕು ಪಟ್ಟು ಸಮಯ ಕೊಡಬೇಕು. ಗಂಟೆಗೊಮ್ಮೆ ಫೋಕಸ್ ನೋಡಿದೆ, ಚಳಿ ಏರಿದಂತೆ ಅದು ಜಾರುತ್ತದೆ. ಕೆಲವು ಫ್ರೇಮಿಗೊಮ್ಮೆ ಟೆಲಿಸ್ಕೋಪನ್ನು ನಾಲ್ಕಾರು ಪಿಕ್ಸೆಲ್ ಪಕ್ಕಕ್ಕೆ ಸರಿಸುವಂತೆ ಕಂಪ್ಯೂಟರಿಗೆ ಹೇಳಿಟ್ಟಿದ್ದೆ. ಇದನ್ನು ಬಿಟ್ಟರೆ ಹಳೇ ಕ್ಯಾಮೆರಾಗಳಲ್ಲಿ ಓರೆ ಗೆರೆಗಳು ಏಳುತ್ತವೆ.

ಎರಡು ರಾತ್ರಿಗೆ 133 ಫ್ರೇಮ್ ಆದವು. ಗಾಳಿಗೆ ಅಲುಗಿದ 21 ತೆಗೆದುಹಾಕಿದೆ. ಉಳಿದ 112, ಅಂದರೆ ಐದೂವರೆ ಗಂಟೆಯ ಬೆಳಕು. ಬೆಳಗಿನ ಜಾವ ಕ್ಯಾಮೆರಾ ಒಂಚೂರೂ ತಿರುಗಿಸದೆ, ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಟ್ಯೂಬಿನ ಬಾಯಿಗೆ ಕಟ್ಟಿ ಫ್ಲ್ಯಾಟ್ ಫ್ರೇಮ್, ಅಂದರೆ ಚಿತ್ರದ ಕಲೆ, ಅಂಚಿನ ಕತ್ತಲೆ ಸರಿಪಡಿಸಲು ಬೇಕಾದ ಸಮಬೆಳಕಿನ ಫೋಟೋ ತೆಗೆದೆ. ನಿದ್ದೆಗಣ್ಣಿನಲ್ಲಿ ಇದನ್ನು ಬಿಟ್ಟುಬಿಡೋಣ ಅನಿಸುತ್ತದೆ. ಬಿಡಬೇಡಿ. ಗ್ಯಾಲಕ್ಸಿಯ ಹೊರ ತೋಳಿನ ಬೆಳಕು ಎಷ್ಟು ಕಮ್ಮಿ ಅಂದರೆ, ಸೆನ್ಸರಿನ ಮೇಲಿನ ದೂಳಿನ ಕಲೆ, ಅಂಚಿನ ಕತ್ತಲೆ ಅದನ್ನು ಸಲೀಸಾಗಿ ನುಂಗಿಬಿಡುತ್ತವೆ.

ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಪೇರಿಸಿ, ಹಿನ್ನೆಲೆಯ ಬೆಳಕು ತೆಗೆದು, ಮಸುಕು ಭಾಗಗಳ ಹೊಳಪನ್ನು ನಿಧಾನವಾಗಿ ಏರಿಸುತ್ತಾ ಹೋದೆ. ಮೊದಲ ಸಲ ಆಕಾಶವನ್ನು ಪೂರ್ತಿ ಕಪ್ಪು ಮಾಡಿದ್ದೆ, ಅದರ ಜೊತೆ ತೋಳಿನ ತುದಿಗಳೂ ಹೋದವು. ಎರಡನೇ ಸಲ ಹಿನ್ನೆಲೆಯನ್ನು ಬೂದುಬಣ್ಣಕ್ಕೇ ಬಿಟ್ಟೆ. ಆಗ ಎರಡು ತೋಳುಗಳು ನಡುವಿನಿಂದ ಬಿಚ್ಚಿಕೊಂಡು ಬಂದವು. ಸುಮಾರು 3.2 ಕೋಟಿ ಜ್ಯೋತಿರ್ವರ್ಷ ದೂರದ್ದು, ಮಾವನ ಹೊಲದಲ್ಲಿ ತೆಗೆದ ನನ್ನ ಫೋಟೋದಲ್ಲಿ! ಸುಮ್ನೆ ನೋಡುತ್ತಾ ಕೂತುಬಿಟ್ಟೆ.

ಮಾವನಿಗೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿ ನೋಡಿದರು. "ಎತ್ತಿನ ಹಣೆ ಮೇಲಿನ ಸುಳಿ ಇದ್ದಂಗೆ ಐತಲ್ಲಪ್ಪಾ" ಅಂದರು.

ತೋಳುಗಳ ಮೇಲೆ ಹೊಸ ನಕ್ಷತ್ರ ಹುಟ್ಟುವ ಕಡೆ ಗುಲಾಬಿ ಚುಕ್ಕೆಗಳು ಇರಬೇಕಿತ್ತು. ನನ್ನ ಚಿತ್ರದಲ್ಲಿ ಅವು ಸರಿಯಾಗಿ ಬಂದಿಲ್ಲ, ಸಾಮಾನ್ಯ ಕ್ಯಾಮೆರಾದೊಳಗಿನ ಫಿಲ್ಟರ್ ಆ ಕೆಂಪು ಬೆಳಕನ್ನು ಬಹುಪಾಲು ತಡೆಯುತ್ತದೆ. ಈಗ ಕ್ಯಾಮೆರಾದ ಆ ಫಿಲ್ಟರ್ ತೆಗೆಸಿದ್ದೇನೆ. ಕಲ್ಲುಚಪ್ಪಡಿಗಳು ಹೊಲದಲ್ಲೇ ಇವೆ.