ಕೆಂಡ್ರಿಕ್ ಲಮಾರ್ ಹಾಡು ‘ಐ’: ಕಿವಿಗೊಟ್ಟು ಕೇಳುವ ಬಗೆ

ಅಮೆರಿಕದ ರ‍್ಯಾಪ್ (ತಾಳಕ್ಕೆ ಹೊಂದಿಸಿ ಪ್ರಾಸದ ಮಾತು ನುಡಿಯುವ ಶೈಲಿ) ಗಾಯಕ ಲಮಾರ್‌ನ ‘ಐ’ ಎಂದರೆ ‘ನಾನು’. ತನ್ನನ್ನು ತಾನು ಪ್ರೀತಿಸುವ ಮಾತನ್ನು ಪಲ್ಲವಿಯಲ್ಲೇ ಇಟ್ಟುಕೊಂಡ ಈ ಹಾಡಿಗೆ ಎರಡು ರೂಪ. ಸೆಪ್ಟೆಂಬರ್ 2014ರಲ್ಲಿ ಸಿಂಗಲ್, ಅಂದರೆ ಒಂಟಿ ಹಾಡಾಗಿ ಬಿಡುಗಡೆಯಾದ ರೂಪ, ಬಂತು. 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಂನ 15ನೇ ಟ್ರ್ಯಾಕ್ ಆಗಿ ಬಂದ ರೂಪ ಬೇರೆಯದೇ. ಸಿಂಗಲ್ ಮಾತ್ರ ಕೇಳಿದವರಿಗೆ ಇದೊಂದು ಉಲ್ಲಾಸದ ಹಾಡು, ಅಷ್ಟೆ. ಹಾಗಾಗಿ ಎರಡನ್ನೂ ಇಟ್ಟುಕೊಂಡು ಕೂರಿ.

ಫೋನ್ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಗಿಟಾರ್ ಅರ್ಧಕ್ಕರ್ಧ ಮಾಯ. ಹೆಡ್‌ಫೋನ್ ಹಾಕಿಕೊಳ್ಳಿ. ಆ್ಯಪ್‌ನಲ್ಲಿ ಶಫಲ್ (ಹಾಡುಗಳ ಕ್ರಮ ಕಲಸುವುದು), ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವುದು) ಎರಡೂ ಆಫ್ ಮಾಡಿ. ಸಾಹಿತ್ಯದ ಪುಟ ತೆರೆಯಬೇಡಿ: ಕಣ್ಣು ಓದಲು ಶುರು ಮಾಡಿದರೆ ಕಿವಿ ರಜೆ ಹಾಕುತ್ತದೆ.

ಮೊದಲ ಸಲ ಸಿಂಗಲ್ ಕೇಳಿ, ತಾಳ ಹಾಕಿ. ಆದಿತಾಳದ ಅಭ್ಯಾಸವಿದ್ದವರ ಕೈ ಒಂದನೇ ಎಣಿಕೆಗೇ ಬೀಳುತ್ತದೆ. ಇಲ್ಲಿ ಚಪ್ಪಾಳೆಯ ಜಾಗ ಎರಡು ಮತ್ತು ನಾಲ್ಕು. ವೇಗ ನಿಮಿಷಕ್ಕೆ ಸುಮಾರು 120 ಬೀಟ್. ನಾಲ್ಕು ಬೀಟ್‌ನ ಒಂದು ಬಾರ್‌ಗೆ ಎರಡು ಸೆಕೆಂಡ್, 16 ಬಾರ್‌ಗೆ ಅರ್ಧ ನಿಮಿಷದ ಆಸುಪಾಸು. ಎಣಿಕೆ ತಪ್ಪಿದರೆ ಹಿಂದಕ್ಕೆ ಹೋಗಿ, ಅಂದಾಜಿನ ಮೇಲೆ ಮುಂದುವರಿಯಬೇಡಿ.

ಆಮೇಲೆ ಐಸ್ಲಿ ಬ್ರದರ್ಸ್ ತಂಡದ 1973ರ ‘ದಟ್ ಲೇಡಿ’ ಒಮ್ಮೆ ಕೇಳಿ. ಅರ್ನಿ ಐಸ್ಲಿಯ ಆ ಗರಗರ ಗಿಟಾರ್ ‘ಐ’ ಹಾಡಿನ ಬೆನ್ನೆಲುಬು. ಅಲ್ಲಿ ಒಬ್ಬ ಹೆಣ್ಣನ್ನು ಹೊಗಳಿದ ರಾಗವನ್ನು ಇಲ್ಲಿ ಹಾಡುಗಾರ ತನ್ನ ಕಡೆಗೇ ತಿರುಗಿಸಿಕೊಂಡಿದ್ದಾನೆ.

ಎರಡನೇ ಸಲ ಸಿಂಗಲ್ ಕೇಳುವುದು ಪ್ರಾಸಕ್ಕೆ. ನಮ್ಮ ಆದಿಪ್ರಾಸದಲ್ಲಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಹೊಂದಬೇಕು. ರ‍್ಯಾಪ್‌ನಲ್ಲಿ ಹೆಚ್ಚಾಗಿ ಸ್ವರಗಳೇ ಹೊಂದುತ್ತವೆ, ಅದೂ ಸಾಲಿನ ಕೊನೆಯಲ್ಲಷ್ಟೇ ಅಲ್ಲ, ನಡುವೆಯೂ. ಅರ್ಥ ಬಿಟ್ಟು, ಮರಳಿ ಬರುವ ಸ್ವರವನ್ನಷ್ಟೇ ಹಿಡಿಯಿರಿ. ಎಲ್ಲಿ ಉಸಿರೆಳೆದ ಎಂಬುದನ್ನೂ ಗುರುತು ಮಾಡಿ.

ಈಗ ಆಲ್ಬಂನ 6ನೇ ಟ್ರ್ಯಾಕ್ ‘ಯು’, ಅಂದರೆ ‘ನೀನು’. ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ಸಪ್ಪೆ. ಹೋಟೆಲ್ ಕೋಣೆ, ಬಾಟಲಿಯ ಸದ್ದು, ಅಳುವಿನಲ್ಲಿ ಒಡೆಯುವ ದನಿ, ತನ್ನನ್ನೇ ಹಂಗಿಸಿಕೊಳ್ಳುವ ಮಾತು. ‘ಐ’ ಉತ್ತರ ಕೊಡುವುದು ಈ ಕೋಣೆಗೆ.

ಕೊನೆಗೆ 15ನೇ ಟ್ರ್ಯಾಕ್. ಇದು ವೇದಿಕೆಯ ಮೇಲಿನ ಕಾರ್ಯಕ್ರಮದಂತೆ ಕಟ್ಟಿದ್ದು: ಜನರ ಗದ್ದಲ, ಪರಿಚಯಿಸುವವನ ಕೂಗು. ರೆಕಾರ್ಡಿಂಗ್ ಕೆಟ್ಟಿದೆ ಎಂದುಕೊಂಡು ಮುಂದಕ್ಕೆ ಓಡಿಸಬೇಡಿ. ನಡುವೆ ಸಭೆಯಲ್ಲಿ ಜಗಳ ಹತ್ತಿಕೊಳ್ಳುತ್ತದೆ, ಸಂಗೀತ ನಿಲ್ಲುತ್ತದೆ, ಲಮಾರ್ ಜನರನ್ನು ಸುಮ್ಮನಾಗಿಸಿ ವಾದ್ಯವಿಲ್ಲದೆ ನುಡಿಯತೊಡಗುತ್ತಾನೆ. ಇಲ್ಲಿ ಬೆರಳಿನಿಂದ ಮೇಜು ತಟ್ಟುತ್ತಾ ಹೋಗಿ. ಡ್ರಮ್ ಇಲ್ಲ, ನಡೆಯನ್ನು ಈಗ ಹೊತ್ತಿರುವುದು ದನಿಯೊಂದೇ. ಕಪ್ಪು ಜನರನ್ನು ಹೀಯಾಳಿಸುವ ಬೈಗುಳದ ಜಾಗದಲ್ಲಿ, ಇಥಿಯೋಪಿಯಾದಲ್ಲಿ ರಾಜ ಎಂಬರ್ಥದ ‘ನೆಗುಸ್’ ಪದವನ್ನು ಅವನು ಬಿಡಿಸಿ ಹೇಳುವುದು ಈ ಭಾಗದಲ್ಲೇ.

ಮುಂದಿನ ಟ್ರ್ಯಾಕ್ 12 ನಿಮಿಷದ್ದು. ಅದು ಶುರುವಾಗುವ ಮೊದಲೇ ನಿಲ್ಲಿಸಿ, ಸಿಂಗಲ್‌ನ ಪಲ್ಲವಿಯನ್ನು ಇನ್ನೊಮ್ಮೆ ಹಾಕಿ.