ಐವತ್ತರ ನಂತರ ಮತ್ತೆ ಸೈಕಲ್ ಹತ್ತುವವರಿಗೆ

ಬಾಡಿಗೆ ಸೈಕಲ್ ತಂದು, ಬಾರ್‌ನ ಕೆಳಗೆ ಕಾಲು ತೂರಿಸಿ ತುಳಿಯುತ್ತ ಸೈಕಲ್ ಕಲಿತ ತಲೆಮಾರು ಈಗ ಐವತ್ತು, ಅರವತ್ತು ದಾಟಿದೆ. ದಶಕಗಳ ಕಾಲ ಸ್ಕೂಟರು, ಕಾರುಗಳಲ್ಲೇ ಓಡಾಡಿ, ನಿವೃತ್ತಿಯ ಹೊತ್ತಿಗೆ ಆ ಹಳೆಯ ಸುಖವನ್ನು ನೆನೆದು ಹೊಸ ಸೈಕಲ್ ಕೊಳ್ಳುವವರಲ್ಲಿ ಕೆಲವರು, ಮಂಡಿನೋವಿಗೋ ಬೀಳುವ ಭಯಕ್ಕೋ ಸೋತು, ಅದನ್ನು ಬೇಗನೆ ಮೂಲೆಗೆ ಒರಗಿಸುತ್ತಾರೆ. ಇದಕ್ಕೆ ವಯಸ್ಸಿಗಿಂತ ಸೈಕಲ್ ಮೈಗೆ ಹೊಂದದಿರುವುದೇ ಹೆಚ್ಚಾಗಿ ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ.

ಹೃದಯದ ತೊಂದರೆ ಇರುವವರು, ಇನ್ಸುಲಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ವೈದ್ಯರನ್ನು ಕಾಣಬೇಕು.

ಕೊಳ್ಳುವಾಗ, ಹಿಂದಿನಿಂದ ಕಾಲೆತ್ತಿ ಹಾಕಬೇಕಾದ ಎತ್ತರದ ಬಾರ್ ಇಲ್ಲದ ಸೈಕಲ್ಲನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹತ್ತುವ, ಇಳಿಯುವ ಕ್ಷಣದಲ್ಲೇ ತೋಲ ತಪ್ಪುವ ಸಂಭವ ಹೆಚ್ಚು. ಅಂಗಡಿಯವರು ಅದನ್ನು ಲೇಡೀಸ್ ಸೈಕಲ್ ಎಂದು ಕರೆದರೆ ಗಂಡಸರು ಸಂಕೋಚಪಡಬೇಕಾಗಿಲ್ಲ. ರಾಯಚೂರಿನಂತಹ ಬಯಲಿನ ಊರಿನಲ್ಲಿ ಗೇರಿಲ್ಲದ ಸೈಕಲ್ಲೇ ಸಾಕಾಗಬಹುದು. ಮಂಗಳೂರು, ಮಡಿಕೇರಿಗಳ ಏರುತಗ್ಗುಗಳಿಗೆ ಮಾತ್ರ ಹಗುರವಾದ ಗೇರು ಬೇಕೇ ಬೇಕು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸೀಟಿನ ಎತ್ತರಕ್ಕೆ. ಆರಂಭದಲ್ಲಿ, ಎರಡೂ ಪಾದಗಳು ನೆಲಕ್ಕೆ ಊರುವಷ್ಟು ಸೀಟನ್ನು ತಗ್ಗಿಸಿಕೊಂಡು, ಪೆಡಲ್ ಮುಟ್ಟದೆ, ಕಾಲಿನಿಂದಲೇ ನೆಲವನ್ನು ಹಿಂದಕ್ಕೆ ನೂಕುತ್ತ ಶಾಲೆಯ ಮೈದಾನದಂತಹ ಖಾಲಿ ಜಾಗದಲ್ಲಿ ಸಾಗಿದರೆ ಸಮತೋಲನದ ಹಳೆಯ ಅಭ್ಯಾಸ ತಾನಾಗಿ ಮರಳುತ್ತದೆ. ಧೈರ್ಯ ಬಂದ ಮೇಲೂ ಸೀಟನ್ನು ಅಷ್ಟೇ ತಗ್ಗಿನಲ್ಲಿ ಬಿಡುವುದು ಸರಿಯಲ್ಲ; ಆಗ ಮಂಡಿ ಅತಿಯಾಗಿ ಮಡಚಿದ ಸ್ಥಿತಿಯಲ್ಲೇ ಭಾರ ಹೊತ್ತು ಅದರ ಮುಂಭಾಗದಲ್ಲಿ ನೋವು ಹುಟ್ಟುತ್ತದೆ. ಗೋಡೆಯ ಆಸರೆಯಲ್ಲಿ ಸೀಟಿನ ಮೇಲೆ ಕುಳಿತು, ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಸ್ವಲ್ಪ ಬಾಗು ಉಳಿಯಬೇಕು. ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಹೆಚ್ಚು ಎತ್ತರವಾಯಿತೆಂದು ತಿಳಿಯಬೇಕು. ಸೀಟಿನ ಕಂಬದ ಮೇಲೆ ಕೊರೆದಿರುವ ಗುರುತು ಹೊರಗೆ ಕಾಣುವಷ್ಟು ಎಂದೂ ಎತ್ತರಿಸಬಾರದು.

ಭಾರವಾದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಶಕ್ತಿಯ ಲಕ್ಷಣವೆಂದು ಭಾವಿಸುವವರಿದ್ದಾರೆ, ಆದರೆ ಮಂಡಿಗೆ ಹಿತವಾದದ್ದು ಹಗುರವಾದ ಗೇರಿನಲ್ಲಿ ಚುರುಕಾಗಿ ತುಳಿಯುವುದೇ. ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗಿದರೆ ಆರಂಭಕ್ಕೆ ಸಾಕು. ರಸ್ತೆಗೆ ಇಳಿಯುವ ಮುನ್ನ, ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹದವಾಗಿ ಹಿಡಿಯುವುದನ್ನೂ, ಹ್ಯಾಂಡಲ್ ವಾಲದಂತೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡುವುದನ್ನೂ ಮೈದಾನದಲ್ಲೇ ರೂಢಿಸಿಕೊಳ್ಳಬೇಕು. ಕತ್ತು ಅಷ್ಟು ತಿರುಗದವರು ಬಲಗಡೆಗೆ ಕನ್ನಡಿ ಹಾಕಿಸಿಕೊಳ್ಳಲಿ. ನಮ್ಮ ರಸ್ತೆಗಳಲ್ಲಿ ವಾಹನಗಳು ಹಿಂದಿಕ್ಕುವುದು ಸಾಮಾನ್ಯವಾಗಿ ಆ ಕಡೆಯಿಂದಲೇ. ಹೆಲ್ಮೆಟ್ಟು, ಹಿಂಬದಿಯ ಕೆಂಪು ದೀಪಗಳ ವಿಷಯದಲ್ಲಿ ರಿಯಾಯಿತಿ ಬೇಡ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯಷ್ಟು ಗಾಳಿ ಇದೆಯೇ ಎಂದು ವಾರಕ್ಕೊಮ್ಮೆ ನೋಡಿಕೊಂಡರೆ ತುಳಿಯುವ ಶ್ರಮ ಎಷ್ಟೋ ತಗ್ಗುತ್ತದೆ.

ಮೊದಲ ಸವಾರಿಗಳಿಗೆ, ಬಿಸಿಲೇರುವ ಮುನ್ನ, ಸಮತಟ್ಟಾದ ರಸ್ತೆಯಲ್ಲಿ ಕಾಲು ಗಂಟೆ ಸಾಕು. ಗಾಳಿಗೆ ಎದುರಾಗಿ ಹೋಗಿ, ಗಾಳಿಯೊಂದಿಗೆ ಮರಳುವಂತೆ ದಾರಿ ಆರಿಸಿಕೊಂಡರೆ ದಣಿದ ಹೊತ್ತಿಗೆ ಅದು ಬೆನ್ನಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ, ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಹೀಗೆ ನಿಧಾನವಾಗಿ ತಲುಪಬಹುದು. ಸೈಕಲ್ ತುಳಿಯುವಾಗ ದೇಹದ ಭಾರ ಸೀಟಿನ ಮೇಲಿರುವುದರಿಂದ ಮೂಳೆಗಳಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಆದ್ದರಿಂದ ನಡಿಗೆಯನ್ನು ಬಿಡಬಾರದು.

ವ್ಯಾಯಾಮವೆಂದಷ್ಟೇ ತುಳಿದರೆ ಉತ್ಸಾಹ ಬೇಗ ಬತ್ತುತ್ತದೆ. ಹಾಲು, ತರಕಾರಿ ತರುವುದು, ಗ್ರಂಥಾಲಯಕ್ಕೆ ಹೋಗುವುದು, ಹತ್ತಿರದ ಬಡಾವಣೆಯ ಗೆಳೆಯರನ್ನು ಕಂಡುಬರುವುದು ಇಂತಹ ಕೆಲಸಗಳನ್ನು ಸೈಕಲ್ಲಿಗೆ ಒಪ್ಪಿಸಿ, ಮುಂದಕ್ಕೊಂದು ಬುಟ್ಟಿಯನ್ನೂ ಗಟ್ಟಿಯಾದ ಬೀಗವನ್ನೂ ಹಾಕಿಸಿಕೊಂಡರೆ, ಹೊರಡಲು ದಿನವೂ ಒಂದು ನೆಪ ಸಿಗುತ್ತದೆ.