ಹಗ್ಗ ಬದಲಿಸುವ ಕೈ: ಜಪಾನಿನ ಸಣ್ಣ ದೇವರೊಂದನ್ನು ಕಥೆಗೆ ತಂದ ನನ್ನ ಅನುಭವ

ಜನ ನಂಬಿದರೆ ದೇವರಿಗೆ ಬಲ, ನಂಬದಿದ್ದರೆ ದೇವರು ಮಾಯ. ಜಪಾನಿ ಪುರಾಣದ ನೆರಳಿನಲ್ಲಿ ಹುಟ್ಟುವ ಫ್ಯಾಂಟಸಿ ಕಥೆಗಳಲ್ಲಿ ಈ ನಿಯಮ ಮತ್ತೆ ಮತ್ತೆ ಸಿಗುತ್ತದೆ. ಕಾಡಿನ ಅಂಚಿನಲ್ಲೊಂದು ಪಾಳು ಗುಡಿ, ಅಲ್ಲೊಬ್ಬ ಮರೆತುಹೋದ ದೇವರು, ಅವನನ್ನು ಕಾಣಬಲ್ಲ ಒಂದು ಮಗು. ನನಗೆ ಇಂಥ ಕಥೆಗಳೆಂದರೆ ಪ್ರಾಣ. ಕನ್ನಡದಲ್ಲಿ ಅಂಥದ್ದೊಂದು ನೀಳ್ಗತೆ ಬರೆಯೋಣ ಅಂತ ಕೂತಾಗ, ಈ ನಿಯಮಕ್ಕೆ ಜಪಾನಿನಲ್ಲಿ ಬೇರು ಎಲ್ಲಿದೆ ಅಂತ ಮೊದಲು ಹುಡುಕಿದೆ. ಕಥೆಗೆ ಬೇಕಾದ ಬಹುಪಾಲು ಸಂಗತಿ ಆ ಹುಡುಕಾಟದಲ್ಲೇ ಸಿಕ್ಕಿತು.

ಹಳೆಯ ಪುರಾಣಗಳಲ್ಲಿ ಆ ಬೇರು ಇಲ್ಲ. 712ರ ಕೊಜಿಕಿ, 720ರ ನಿಹೋನ್ ಶೋಕಿ, ಎರಡರಲ್ಲೂ ದೇವರುಗಳು ಹುಟ್ಟುವುದಕ್ಕೆ ಜನರ ನಂಬಿಕೆ ಬೇಕಿಲ್ಲ. ತಾಯಿದೇವಿ ಇಜನಾಮಿ ಬೆಂಕಿಯ ದೇವರನ್ನು ಹೆರುವಾಗ ಸುಟ್ಟು ಸಾಯುತ್ತಾಳೆ. ಅಂದರೆ ಅಲ್ಲಿ ದೇವರಿಗೂ ಸಾವಿದೆ, ಆದರೆ ಅದಕ್ಕೆ ಜನರ ಅಪನಂಬಿಕೆ ಕಾರಣವಲ್ಲ. ಸೂರ್ಯದೇವಿ ಅಮತೆರಾಸು ಗುಹೆಯಲ್ಲಿ ಅಡಗಿ ಕೂತಾಗ ಅವಳನ್ನು ಹೊರಗೆ ತಂದದ್ದು ಅಮೆ ನೊ ಉಜುಮೆಯ ಕುಣಿತ ಮತ್ತು ಅದನ್ನು ನೋಡಿ ನಕ್ಕ ದೇವರುಗಳ ಗದ್ದಲ. ಮನುಷ್ಯರು ಅಲ್ಲಿ ಎಲ್ಲೂ ಇಲ್ಲ. ಹಾಗಾಗಿ ದೊಡ್ಡ ದೇವರುಗಳನ್ನು ಕಥೆಯಿಂದ ಹೊರಗೇ ಇಟ್ಟೆ. ನನಗೆ ಬೇಕಿದ್ದದ್ದು ಒಂದು ಊರಿನ, ಒಂದು ಒರತೆಯ, ಹೆಸರೂ ಇಲ್ಲದ ದೇವರು.

ಬೇರು ಸಿಕ್ಕಿದ್ದು ಒಂದು ಕಾನೂನು ಪುಸ್ತಕದಲ್ಲಿ! 1232ರಲ್ಲಿ ಕಾಮಾಕುರಾದ ಆಡಳಿತಗಾರ ಹೋಜೊ ಯಾಸುತೊಕಿ ತನ್ನ ಸಮುರಾಯ್‌ಗಳಿಗಾಗಿ 51 ಕಲಮುಗಳ ಗೋಸೆಯ್‌ಬಾಯ್ ಶಿಕಿಮೊಕು ಎಂಬ ಕಟ್ಟಳೆ ಹೊರಡಿಸಿದ. ಅದರ ಮೊದಲ ಕಲಮು ದೇವಸ್ಥಾನಗಳ ಬಗ್ಗೆ. ಜನ ಗೌರವಿಸಿದರೆ ದೇವರ ಬಲ ಹೆಚ್ಚುತ್ತದೆ, ದೇವರ ಕೃಪೆಯಿಂದ ಜನರಿಗೆ ಅದೃಷ್ಟ ಬರುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಆದರೆ ಕಲಮು ಅಲ್ಲಿಗೇ ನಿಲ್ಲುವುದಿಲ್ಲ. ಗುಡಿ ಸ್ವಲ್ಪ ಹಾಳಾಗಿದ್ದರೆ ಅಲ್ಲಲ್ಲೇ ರಿಪೇರಿ ಮಾಡಿ, ಜಾಸ್ತಿ ಹಾಳಾಗಿದ್ದರೆ ಕಾಮಾಕುರಾಕ್ಕೆ ವರದಿ ಕೊಡಿ ಅಂತಲೂ ಹೇಳುತ್ತದೆ. ದೇವರ ಬಲದ ಮಾತೂ ಸೂರಿನ ರಿಪೇರಿಯ ಮಾತೂ ಒಂದೇ ಕಲಮಿನಲ್ಲಿ. ಇದನ್ನು ಓದಿದಾಗ ನನ್ನ ಕಥೆಯ ಮುಖ್ಯ ನಿಯಮ ಸಿಕ್ಕಿಬಿಟ್ಟಿತು. ನನ್ನ ದೇವರು ಬದುಕುವುದು ಜನರ ಮನಸ್ಸಿನಲ್ಲಿರುವ ನಂಬಿಕೆಯಿಂದ ಅಲ್ಲ, ಅವರ ಕೈ ಮಾಡುವ ಕೆಲಸದಿಂದ.

ಇವತ್ತಿನ ಜಪಾನಿಗೂ ಈ ನಿಯಮ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಶಿಂತೊ (ಜಪಾನಿನದೇ ದೇವರುಗಳನ್ನು ಪೂಜಿಸುವ ಧರ್ಮ) ಮತ್ತು ಬೌದ್ಧ ಅನುಯಾಯಿಗಳನ್ನು ಕೂಡಿಸಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಅದೇ ಜನರನ್ನು ನಿಮಗೆ ಧರ್ಮ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವವರೇ ಹೆಚ್ಚು. ಆದರೂ ಹೊಸ ವರ್ಷಕ್ಕೆ ಸಾಲುಗಟ್ಟಿ ನಿಂತು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ ಬರುತ್ತಾರೆ. ಅವರ ಮನಸ್ಸಿನ ಒಳಗೆ ಏನಿದೆ ಅಂತ ಅಳೆಯುವುದು ಹೇಗೆ? ನನ್ನ ಕಥೆಯ ದೇವರು ಅಳೆಯುವುದೂ ಇಲ್ಲ. "ನನ್ನನ್ನು ನಂಬುತ್ತೀಯಾ?" ಅಂತ ಯಾರನ್ನೂ ಕೇಳುವುದಿಲ್ಲ. ಇವತ್ತು ಯಾರು ಕಸ ಗುಡಿಸಿದರು, ಯಾರು ಉಪ್ಪು ಇಟ್ಟರು, ಅದಷ್ಟೇ ಅದಕ್ಕೆ ಗೊತ್ತು. ಕಥೆಯ ಅಜ್ಜಿಗೆ ದೇವರು ಇದೆಯೋ ಇಲ್ಲವೋ ಅನ್ನುವ ಯೋಚನೆಯೇ ಬಂದಿಲ್ಲ. "ನಮ್ಮತ್ತೆ ಮಾಡ್ತಿದ್ರು, ನಾನೂ ಮಾಡ್ತೀನಿ" ಅನ್ನುತ್ತಾಳೆ. ಇಡೀ ಊರಿನಲ್ಲಿ ಆ ದೇವರನ್ನು ಹಿಡಿದು ನಿಲ್ಲಿಸಿರುವವಳು ಅವಳೇ.

ನಿಯಮ ಸಿಕ್ಕಿತು ಅಂದಮೇಲೆ ಆ ಕೆಲಸಗಳನ್ನು ಹತ್ತಿರದಿಂದ ತಿಳಿಯಬೇಕಲ್ವಾ? ಗುಡಿಗೆ ಕಟ್ಟುವ ಶಿಮೆನಾವಾ ಅನ್ನುವ ಹುಲ್ಲಿನ ಹಗ್ಗವನ್ನು ಆರಿಸಿಕೊಂಡೆ. ದೇವರ ಜಾಗ ಇಲ್ಲಿಂದ ಶುರು ಅಂತ ಗುರುತು ಮಾಡುವ ಹಗ್ಗ ಅದು. ಅದರಿಂದ ಬಿಳಿ ಕಾಗದದ ಅಂಕುಡೊಂಕು ಪಟ್ಟಿಗಳು ಇಳಿಬಿದ್ದಿರುತ್ತವೆ. ಭತ್ತದ ಹುಲ್ಲಿನಿಂದ ಮಾಡುತ್ತಾರೆ, ಸಾಮಾನ್ಯವಾಗಿ ಹೊಸ ವರ್ಷಕ್ಕೆ ಮುಂಚೆ ಹಳೆಯದನ್ನು ತೆಗೆದು ಹೊಸದು ಕಟ್ಟುತ್ತಾರೆ. ಮುಖ್ಯ ವಿಷಯ ಏನೆಂದರೆ, ಮನೆಬಳಕೆಯ ಹಗ್ಗ ಬಲಕ್ಕೆ ಹೊಸೆದದ್ದು, ದೇವರ ಹಗ್ಗ ಎಡಕ್ಕೆ.

ಓದಿ ತಿಳಿದರೆ ಸಾಲದು ಅನ್ನಿಸಿತು. ಸೋದರಮಾವನ ಮನೆಗೆ ಹೋಗಿ ಹುಲ್ಲು ಕೇಳಿದೆ. ಮಾವ ಹಗ್ಗ ಹೊಸೆಯುವುದರಲ್ಲಿ ಪಳಗಿದವರು. ಹುಲ್ಲಿಗೆ ನೀರು ಚಿಮುಕಿಸಿ, ಕೊಡತಿಯಿಂದ ಬಡಿದು ಮೆತ್ತಗೆ ಮಾಡಿಕೊಟ್ಟರು. ಎರಡು ಎಳೆ ಅಂಗೈ ನಡುವೆ ಇಟ್ಟುಕೊಂಡು ಬಲಗೈ ಮುಂದಕ್ಕೆ ತಳ್ಳಿದರೆ ಸರಸರ ಹಗ್ಗ ಇಳಿಯುತ್ತಿತ್ತು. "ಮಾವ, ಇದನ್ನೇ ಉಲ್ಟಾ ಹೊಸೀರಿ ನೋಡೋಣ" ಅಂದೆ. ಎಡಗೈ ಮುಂದಕ್ಕೆ ತಳ್ಳಿ ಶುರು ಮಾಡಿದರು. ಗೇಣುದ್ದ ಆಗುವಷ್ಟರಲ್ಲಿ ಕೈ ತಾನಾಗಿ ಹಳೆಯ ದಿಕ್ಕಿಗೆ ತಿರುಗಿತು, ಹೊಸೆದದ್ದು ಬಿಚ್ಚಿಕೊಂಡಿತು. "ಇದಕ್ಕೆ ಗ್ಯಾನ ಇಟ್ಟು ಕೂರ್ಬೇಕು ಕಣೋ, ಮಾತಾಡ್ತಾ ಆಗೋ ಕೆಲಸ ಅಲ್ಲ" ಅಂದರು.

ಮಾವನ ಆ ಮಾತಿನಿಂದ ಕಥೆಯಲ್ಲಿ ಒಂದು ಪೂರ್ತಿ ಅಧ್ಯಾಯ ಹುಟ್ಟಿತು. ವರ್ಷವಿಡೀ ಬಲಕ್ಕೆ ಹೊಸೆಯುವ ಕೈ, ದೇವರಿಗಾಗಿ ಒಂದು ದಿನ ಎಡಕ್ಕೆ ಹೊಸೆಯಬೇಕು. ಅಷ್ಟು ಹೊತ್ತು ಮೈಯೆಲ್ಲ ಕಣ್ಣಾಗಿರಬೇಕು. ನನ್ನ ದೇವರು ಉಣ್ಣುವುದು ಆ ಎಚ್ಚರವನ್ನು. ಅಜ್ಜಿ ಹಗ್ಗ ಹೊಸೆಯುವಾಗ ಅದು ಪಕ್ಕದಲ್ಲೇ ಕೂತಿರುತ್ತದೆ, ಅವಳ ಗಮನ ತಪ್ಪಿದಾಗಲೆಲ್ಲ ಹಸಿವಾಗಿ ಮಿಸುಕಾಡುತ್ತದೆ.

ಕಥೆ ನಡೆಯುವ ಕಾಲವನ್ನು ಆರಿಸುವುದು ಇನ್ನೊಂದು ದೊಡ್ಡ ನಿರ್ಧಾರ. ಜನ ಸುಮ್ನೆ ಮರೆತರು ಅಂತ ಬರೆದರೆ ಯಾಕೆ ಮರೆತರು ಅನ್ನುವ ಪ್ರಶ್ನೆ ತೇಲಾಡುತ್ತದೆ. ಜಪಾನಿನ ಇತಿಹಾಸದಲ್ಲಿ ಸಣ್ಣ ದೇವರುಗಳನ್ನು ಸರ್ಕಾರಿ ಆದೇಶದ ಮೂಲಕವೇ ಊರು ಬಿಡಿಸಿದ ಕಾಲವೊಂದಿದೆ. 1906ರಲ್ಲಿ ಮೇಯ್‌ಜಿ ಸರ್ಕಾರ ಗುಡಿಗಳನ್ನು ಒಟ್ಟುಗೂಡಿಸುವ ಆದೇಶ ಹೊರಡಿಸಿತು. ನಡೆಸಲು ಬೇಕಾದ ಹಣ ತೋರಿಸಲಾಗದ ಸಣ್ಣಪುಟ್ಟ ಗುಡಿಗಳನ್ನು ಮುಚ್ಚಿ, ಅಲ್ಲಿನ ದೇವರನ್ನು ದೊಡ್ಡ ಗುಡಿಗೆ ಸೇರಿಸಬೇಕು. ಕೆಲವೇ ವರ್ಷಗಳಲ್ಲಿ ಸುಮಾರು 70,000 ಗುಡಿಗಳು ಇಲ್ಲವಾದವು. ಮಿಯೆ ಪ್ರಾಂತ್ಯದಲ್ಲಂತೂ ಹತ್ತರಲ್ಲಿ ಒಂಬತ್ತು ಹೋದವು. ಗುಡಿಯ ಸುತ್ತಲಿನ ಹಳೆಯ ಮರಗಳನ್ನು ಕಡಿದು ಮಾರಿದರು.

ಇದನ್ನು ಎದುರಿಸಿ ನಿಂತವರಲ್ಲಿ ಮಿನಾಕಾತಾ ಕುಮಾಗುಸು ಮುಖ್ಯ. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ 1900ರಲ್ಲಿ ಊರಿಗೆ ಮರಳಿದ ವಿದ್ವಾಂಸ. ವಾಕಾಯಾಮಾದ ತಾನಾಬೆಯಲ್ಲಿ ನೆಲೆಸಿ, ಕೊಳೆತ ಮರದ ಮೇಲೆ ಬೆಳೆಯುವ ಲೋಳೆ ಬೂಷ್ಟುಗಳನ್ನು ಅಧ್ಯಯನ ಮಾಡುತ್ತಿದ್ದರು. ಗುಡಿ ಹೋದರೆ ತೋಪು ಹೋಗುತ್ತದೆ, ತೋಪು ಹೋದರೆ ಅಲ್ಲಿನ ಜೀವಗಳು ಹೋಗುತ್ತವೆ, ಊರಿನವರು ಒಟ್ಟಾಗಿ ಸೇರುವ ಜಾಗವೂ ಹೋಗುತ್ತದೆ ಅಂತ ಪತ್ರಿಕೆಗಳಲ್ಲಿ ಬರೆದರು, ವಿದ್ವಾಂಸರಿಗೆ ಉದ್ದುದ್ದ ಪತ್ರ ಬರೆದರು. 1910ರಲ್ಲಿ ಒಂದು ಸಭೆಗೆ ನುಗ್ಗಿ ಬಂಧನಕ್ಕೂ ಒಳಗಾದರು. ಕುಮಾನೊ ಯಾತ್ರೆಯ ಹಾದಿಯಲ್ಲಿ ಕೊಂಬೆಗಳೆಲ್ಲ ಒಂದೇ ದಿಕ್ಕಿಗೆ ಚಾಚಿದ ದೈತ್ಯ ಸುಗಿ ಮರಗಳಿವೆ. ಅವುಗಳಲ್ಲಿ ಕೆಲವಾದರೂ ಇವತ್ತಿಗೂ ಉಳಿದಿರುವುದಕ್ಕೆ ಅವರ ಹೋರಾಟ ಕಾರಣ. ಆ ಆದೇಶದಿಂದ ಪ್ರಯೋಜನವಿಲ್ಲ ಅಂತ ಜಪಾನಿನ ಮೇಲ್ಮನೆ 1920ರಲ್ಲಿ ನಿರ್ಣಯ ಮಾಡಿತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ನನ್ನ ಕಲ್ಪಿತ ಹಳ್ಳಿಯನ್ನು ವಾಕಾಯಾಮಾ ಸೀಮೆಯ ಕಿಯಿ ಬೆಟ್ಟಗಳ ನಡುವೆ ಇಟ್ಟೆ. ಲೆಕ್ಕ ಬರೆದುಕೊಳ್ಳಲು ಬರುವ ಅಧಿಕಾರಿಯ ದೃಶ್ಯ ಹೀಗಿದೆ:

"ಈ ಗುಡಿಯ ದೇವರ ಹೆಸರೇನು?"

"ಒರತೆ ದೇವರು."

"ಅದು ಹೆಸರಲ್ಲ. ಪುಸ್ತಕದಲ್ಲಿ ಬರೆಯೋಕೆ ಹೆಸರು ಬೇಕು."

"ನಾವು ಹೆಸರು ಹಿಡಿದು ಕರೆದವರಲ್ಲ ಸ್ವಾಮಿ. ನೀರು ತಗೊಂಡು ಹೋಗ್ತೀವಿ, ಅನ್ನ ಇಟ್ಟು ಹೋಗ್ತೀವಿ."

ಇದರಲ್ಲಿ ಕಲ್ಪನೆ ಕಡಿಮೆ. ಮೇಯ್‌ಜಿ ಕಾಲದ ದಾಖಲೆಗಳಿಗಾಗಿ ಎಷ್ಟೋ ಊರದೇವರುಗಳಿಗೆ ಕೊಜಿಕಿಯಿಂದ ಹೆಸರು ಹುಡುಕಿ ಅಂಟಿಸಲಾಗಿತ್ತು. ಅಧಿಕಾರಿಯನ್ನು ಕೆಟ್ಟವನನ್ನಾಗಿ ಮಾಡಲು ನನಗೆ ಮನಸ್ಸಾಗಲಿಲ್ಲ. ಅವನೂ ಗುಡಿಯ ಮುಂದೆ ಟೋಪಿ ತೆಗೆದು ಬಾಗುತ್ತಾನೆ. ಅವನಿಗೆ ದೇವರ ಮೇಲೆ ಬೇಕಾದಷ್ಟು ನಂಬಿಕೆಯಿದೆ. ಆದರೂ ಅವನ ಪೆನ್ನು ಓಡಿದ ಕ್ಷಣದಿಂದ ಒರತೆ ದೇವರು ಸೊರಗಲು ಶುರುವಾಗುತ್ತದೆ. ನಂಬಿಕೆ ಬೇರೆ, ಕೈಯ ಕೆಲಸ ಬೇರೆ ಅನ್ನುವುದನ್ನು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲ.

ಸೊರಗುವುದು ಅಂದರೆ ಹೇಗೆ? ತೆಳುವಾಗಿ, ಪಾರದರ್ಶಕವಾಗಿ, ಕೊನೆಗೆ ಮಿಂಚುಹುಳುಗಳಂತೆ ಚದುರಿಹೋಗುವ ದೇವರನ್ನು ಎಲ್ಲರೂ ನೋಡಿದ್ದೇವೆ. ನನಗೆ ಅದು ಬೇಡವಾಗಿತ್ತು. ಜಾನಪದ ವಿದ್ವಾಂಸ ಯಾನಾಗಿತಾ ಕುನಿಯೊ ಅವರದ್ದೊಂದು ವಾದವಿದೆ: ಯೋಕಾಯ್, ಅಂದರೆ ಪಿಶಾಚಿ-ಭೂತಗಳ ಗುಂಪು, ಪೂಜೆ ತಪ್ಪಿ ಕೆಳಗಿಳಿದ ದೇವರುಗಳೇ. ಹೊಳೆಯಲ್ಲಿ ಮಕ್ಕಳನ್ನು ಎಳೆಯುವ, ಸೌತೆಕಾಯಿ ಕಂಡರೆ ಬಿಡದ, ನೆತ್ತಿಯ ಬಟ್ಟಲಲ್ಲಿ ನೀರು ಹೊತ್ತ ಕಪ್ಪಾ ಒಂದು ಕಾಲದಲ್ಲಿ ನೀರಿನ ದೇವರಾಗಿತ್ತು ಅನ್ನುತ್ತಾರೆ ಅವರು. ಆಮೇಲೆ ಬಂದ ಕೊಮಾತ್ಸು ಕಜುಹಿಕೊ ಇದನ್ನು ಪೂರ್ತಿ ಒಪ್ಪಲಿಲ್ಲ. ದಾರಿ ಎರಡೂ ಕಡೆಗಿದೆ, ಪೂಜೆ ಸಿಕ್ಕರೆ ಯೋಕಾಯ್ ಕೂಡ ದೇವರಾಗುತ್ತದೆ ಅಂದರು. ಕಥೆಗಾರನಿಗೆ ಈ ಎರಡನೆಯ ಮಾತು ವರ. ಅಜ್ಜಿ ಹಗ್ಗ ಕಟ್ಟಲಾಗದ ಮೊದಲ ಚಳಿಗಾಲದಲ್ಲಿ ನನ್ನ ದೇವರ ಬೆರಳುಗಳ ನಡುವೆ ಪೊರೆ ಬೆಳೆಯುತ್ತದೆ. ಮುಂದಿನ ಬೇಸಿಗೆಯಲ್ಲಿ ಅದು ಸೌತೆ ಬಳ್ಳಿಯ ಹತ್ತಿರ ಸುಳಿದಾಡುತ್ತದೆ. ತನಗೆ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತು. ಒರತೆಗೆ ಬರುವ ಮಗುವಿನ ಕಾಲನ್ನು ನೋಡಿ ಅದಕ್ಕೆ ಮೊದಲ ಸಲ ಆಸೆಯಾಗುವ ಪುಟಗಳನ್ನು ನಾನು ತುಂಬ ಹೆದರಿಕೆಯಿಂದಲೇ ಬರೆದೆ. ಮರೆತ ದೇವರು ಸಾಯುತ್ತದೆ ಅನ್ನುವುದಕ್ಕಿಂತ, ಮರೆತ ದೇವರು ಬೇರೆ ಏನೋ ಆಗುತ್ತದೆ ಅನ್ನುವುದು ಎಷ್ಟೋ ಪಾಲು ನೋವಿನದು.

ಹೆದರಿಕೆಯಿಂದಲೇ ದೇವರಾದವರೂ ಅಲ್ಲಿದ್ದಾರೆ. ಸುಗಾವಾರಾ ನೊ ಮಿಚಿಜಾನೆ ಎಂಬ ಪಂಡಿತ ಮಂತ್ರಿ ಸುಳ್ಳು ಆರೋಪಕ್ಕೆ ಸಿಕ್ಕಿ ದಾಜಾಯ್‌ಫುಗೆ ಗಡಿಪಾರಾಗಿ 903ರಲ್ಲಿ ಅಲ್ಲೇ ತೀರಿಕೊಂಡ. 930ರಲ್ಲಿ ಅರಮನೆಗೆ ಸಿಡಿಲು ಬಡಿದಾಗ ಅದು ಅವನ ಕೋಪವೇ ಅಂದುಕೊಂಡರು. ಕ್ಯೋತೊದ ಕಿತಾನೊದಲ್ಲಿ ಗುಡಿ ಕಟ್ಟಿದರು. ಇವತ್ತು ಅವನೇ ತೆಂಜಿನ್ ಎಂಬ ಹೆಸರಿನ ಓದಿನ ದೇವರು, ಪರೀಕ್ಷೆ ಬರೆಯುವ ಮಕ್ಕಳು ಮರದ ಹಲಗೆಗಳಲ್ಲಿ ಹರಕೆ ಬರೆದು ತೂಗುಹಾಕುತ್ತಾರೆ. ಜನ ಏನು ಮಾಡುತ್ತಾರೋ ದೇವರು ಅದೇ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ತೊಡಕು ಮಾತ್ರ ಬಹಳ ಕಾಡಿಸಿತು. ಕೆಲಸ ಮಾಡುವ ಕೈ ಜಾಸ್ತಿ ಇದ್ದರೆ ದೇವರ ಬಲವೂ ಜಾಸ್ತಿಯಾ? ಹಾಗಾದರೆ ಕಥೆ ಲೆಕ್ಕಾಚಾರವಾಗಿಬಿಡುತ್ತದೆ. ಇಲ್ಲಿ ಇನಾರಿ ದೇವರು ನೆರವಿಗೆ ಬಂತು. ನರಿಗಳು ಕಾಯುವ ಇನಾರಿ ಗುಡಿಗಳು ದೇಶದಲ್ಲಿ ಸುಮಾರು 30,000 ಇವೆ. ಕ್ಯೋತೊದ ಫುಶಿಮಿ ಇನಾರಿ ಅವುಗಳಿಗೆಲ್ಲ ಮೂಲ. ದೇವರ ಅಂಶವನ್ನು ಬೇರೆ ಊರಿಗೆ ಕರೆದೊಯ್ದರೂ ಮೂಲ ಕಿಂಚಿತ್ತೂ ಕಡಿಮೆಯಾಗುವುದಿಲ್ಲ, ದೀಪದಿಂದ ದೀಪ ಹಚ್ಚಿದ ಹಾಗೆ. ಇದರಿಂದ ನನ್ನ ಕಥೆಯಲ್ಲಿ ಎಣಿಕೆಯನ್ನೇ ಬಿಟ್ಟೆ. ಒಬ್ಬಳು ಅಜ್ಜಿ ಸಾಕು. ಆದರೆ ಆ ಒಬ್ಬಳು ಇರಲೇಬೇಕು.

ಬರೆಯುವಾಗ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇಜುಮೊ ಭಾಗ. ಹಳೆಯ ಪಂಚಾಂಗದ ಹತ್ತನೇ ತಿಂಗಳಲ್ಲಿ ನಾಡಿನ ದೇವರುಗಳೆಲ್ಲ ಇಜುಮೊಗೆ ಹೋಗುತ್ತಾರೆ ಅನ್ನುವುದು ಅಲ್ಲಿನ ಪ್ರತೀತಿ. ಇನಾಸಾ ಕಡಲತೀರದಲ್ಲಿ ಬೆಂಕಿ ಹಾಕಿ ಅವರನ್ನು ಬರಮಾಡಿಕೊಳ್ಳುತ್ತಾರೆ. ದೊಡ್ಡ ಗುಡಿಯ ಎರಡೂ ಪಕ್ಕಗಳಲ್ಲಿ ಅವರು ತಂಗಲು ಸಾಲು ಬಾಗಿಲುಗಳ ಉದ್ದನೆಯ ಕಟ್ಟಡಗಳೇ ಇವೆ. ಯಾರಿಗೆ ಯಾರ ಜೊತೆ ಋಣಾನುಬಂಧ ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಮೀನುಗಾರರ, ಅದೃಷ್ಟದ ದೇವರಾದ ಎಬಿಸು ಮಾತ್ರ ಮನೆ ಕಾಯಲು ಹಿಂದೆ ಉಳಿಯುತ್ತಾನೆ ಅಂತ ಬಹಳ ಕಡೆ ಹೇಳುತ್ತಾರೆ. 1908ರ ಆ ಸಭೆಯನ್ನು ನಾನು ಕಲ್ಪಿಸಿಕೊಂಡೆ. ಒರತೆ ದೇವರಂಥ ಸಾವಿರಾರು ಸಣ್ಣ ದೇವರುಗಳು ಕಡಲತೀರದಲ್ಲಿ ನಿಂತಿವೆ. ಬರುವಾಗ ದಾರಿ ಗೊತ್ತಿತ್ತು, ಮರಳಿ ಹೋಗುವುದು ಯಾವ ಬಾಗಿಲಿಗೆ? ಎಬಿಸು ಪ್ರತಿ ಊರಿನಿಂದ ಸುದ್ದಿ ಕಳಿಸುತ್ತಾನೆ: ಇವತ್ತು ಇಂಥ ಗುಡಿ ಬಿಚ್ಚಿದರು, ಇಂಥ ಮರ ಉರುಳಿತು.

ನೀಳ್ಗತೆ ಓದಿದ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಈಗ ಎರಡನೆಯ ಕಥೆಗೆ ದಾರಿ ಮಾಡಿದೆ. ಜಪಾನಿನ ಬೆಂಜಾಯ್‌ತೆನ್ ನಮ್ಮ ಸರಸ್ವತಿಯೇ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಹೋದವಳು, ಅಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದು ಎನೊಶಿಮಾ, ಚಿಕುಬುಶಿಮಾದಂಥ ನೀರಿನ ನಡುವಿನ ಜಾಗಗಳಲ್ಲಿ ನೆಲೆಸಿದಳು. 1868ರಲ್ಲಿ ಸರ್ಕಾರ ಶಿಂತೊ ಮತ್ತು ಬೌದ್ಧ ದೇವರುಗಳನ್ನು ಬೇರೆ ಮಾಡಿಸಿದಾಗ ಅವಳ ಎಷ್ಟೋ ಗುಡಿಗಳಲ್ಲಿ ಇಚಿಕಿಶಿಮಾಹಿಮೆ ಎಂಬ ಶಿಂತೊ ದೇವಿಯ ಹೆಸರು ಬಂತು. ಬಾಗಿ ಕೈಮುಗಿಯುವವರು ಅದೇ ಊರಿನವರು, ಗುಡಿಸುವ ಕೈಯೂ ಅದೇ. ಹಾಗಿದ್ದಾಗ ಆ ಕೆಲಸ ಮುಟ್ಟುವುದು ಯಾರಿಗೆ, ಹಳಬಳಿಗೋ ಹೊಸಬಳಿಗೋ? ಕೈಯ ಕೆಲಸವೇ ಮುಖ್ಯ ಅನ್ನುವ ನನ್ನ ನಿಯಮದ ಪ್ರಕಾರ ಹಳಬಳಿಗೆ ಏನೂ ಆಗಬಾರದು. ಸದ್ಯ ಅವಳನ್ನು ಒಂದು ಕೆರೆಯ ನಡುವಿನ ಪುಟ್ಟ ದ್ವೀಪದಲ್ಲಿ ಕೂರಿಸಿ, ಹೊಸ ಹೆಸರಿನ ಫಲಕ ಹೊತ್ತ ದೋಣಿ ಬರುವಲ್ಲಿಗೆ ತಂದು ನಿಲ್ಲಿಸಿದ್ದೇನೆ.